ಮಗುವಿನ ಮಾಸ್ಕ್: ಸಹಿ ಕೇಳಿದರು, ಮಾತು ಕೇಳಲಿಲ್ಲ

2021ರ ಅಕ್ಟೋಬರ್ 25ರಂದು ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಅದು ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ. ನಡುವೆ ಹತ್ತೊಂಬತ್ತು ತಿಂಗಳು ಕಳೆದುಹೋಗಿದ್ದವು. ಒಂದನೇ ತರಗತಿಯಲ್ಲಿ ಕೂತು ಅಕ್ಷರ ತಿದ್ದಬೇಕಿದ್ದ ಎಷ್ಟೋ ಮಕ್ಕಳು ಶಾಲೆಯ ಮುಖವನ್ನೇ ಕಾಣದೆ ಎರಡನೇ ತರಗತಿಗೆ ಬಂದಿದ್ದರು. ಒಳಗೆ ಹೋಗಲು ಎರಡು ಬೇಕಿತ್ತು: ಮಗುವಿನ ಮುಖಕ್ಕೆ ಮಾಸ್ಕ್, ಕೈಯಲ್ಲಿ ಅಪ್ಪ ಅಥವಾ ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ. ಪತ್ರಕ್ಕೆ ಸಹಿ ಹಾಕಿದರೆ ಮಗು ಒಳಗೆ, ಹಾಕದಿದ್ದರೆ ಮನೆಯಲ್ಲಿ. ಮಾಸ್ಕ್ ಹೇಗಿರಬೇಕು, ಎಷ್ಟು ಹೊತ್ತು ಇರಬೇಕು, ಉಬ್ಬಸ ಇರುವ ಮಗು ಏನು ಮಾಡಬೇಕು, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಏನು ಗತಿ ಎಂದು ಹೆತ್ತವರನ್ನು ಯಾರೂ ಕೇಳಲಿಲ್ಲ. ಜವಾಬ್ದಾರಿಯನ್ನು ಅವರ ಹೆಗಲಿಗೆ ದಾಟಿಸಲು ಸಹಿ ಬೇಕಾಯಿತು, ನಿಯಮ ಮಾಡುವಾಗ ಅವರ ಮಾತು ಬೇಕಾಗಲಿಲ್ಲ. ಕೊರೊನಾ ಕಾಲದ ಸಾವುನೋವುಗಳ ಮುಂದೆ ಇದು ಸಣ್ಣ ಲೋಪ ಎನಿಸಬಹುದು. ಆದರೆ ಪುಟ್ಟ ಮಕ್ಕಳ ಮಾಸ್ಕ್ ವಿಷಯದಲ್ಲಿ ಪೋಷಕರಲ್ಲಿದ್ದ ತಿಳಿವಳಿಕೆ ಬೇರೆ ಯಾವ ಇಲಾಖೆಯಲ್ಲೂ ಇರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳದೆ ಮಾಡಿದ ನಿಯಮ ಅರ್ಧ ಮಾಹಿತಿಯ ಮೇಲೆ ನಿಂತ ನಿಯಮ. ಇನ್ನೊಂದು ಸಾಂಕ್ರಾಮಿಕ ಬಂದರೆ ಹೀಗಾಗಬಾರದು ಎಂಬುದು ನನ್ನ ವಾದ.

ಆಗ ಪೋಷಕರನ್ನು ಎರಡು ಗುಂಪು ಮಾಡಿ ನೋಡುವುದು ರೂಢಿಯಾಗಿಬಿಟ್ಟಿತ್ತು. ಮಗುವಿಗೆ ಮಾಸ್ಕ್ ಬೇಡ ಎಂದವರು ಬೇಜವಾಬ್ದಾರರು, ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿ ಎಂದವರು ಅತಿಯಾಗಿ ಹೆದರುವವರು. ಎರಡೂ ಅನ್ಯಾಯದ ಮಾತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ದಾಖಲಾಗಿದ್ದವು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಜನ ಅಲೆದದ್ದು ಮನಸ್ಸಿನಿಂದ ಇನ್ನೂ ಮಾಸಿರಲಿಲ್ಲ. ಅದರ ಬೆನ್ನಿಗೇ ಮೂರನೇ ಅಲೆ ಮಕ್ಕಳನ್ನೇ ಗುರಿ ಮಾಡುತ್ತದೆ ಎಂಬ ಸುದ್ದಿ ಟಿ.ವಿ.ಗಳಲ್ಲಿ ಹಗಲಿರುಳು ಓಡಿತು. ಹಾಗೆ ಹೇಳಲು ಆಧಾರವಿಲ್ಲ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಆ ಮೇ ತಿಂಗಳಲ್ಲೇ ಸ್ಪಷ್ಟಪಡಿಸಿದ್ದರೂ ಅದು ಅಷ್ಟು ಜೋರಾಗಿ ಕೇಳಿಸಲಿಲ್ಲ. ಅಂಥ ಹೊತ್ತಿನಲ್ಲಿ ಮಾಸ್ಕ್ ಬೇಕೇ ಬೇಕು ಎಂದು ಪಟ್ಟು ಹಿಡಿದ ತಾಯಿಯದು ಅತಿರೇಕವಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಆರು ವರ್ಷದ ಮಗ ಅದನ್ನು ಗಲ್ಲಕ್ಕೆ ಇಳಿಸಿಕೊಂಡೇ ಇರುತ್ತಾನೆ, ಅದರಿಂದ ಯಾರಿಗೆ ಪ್ರಯೋಜನ ಎಂದು ಕೇಳಿದ ತಂದೆಯದು ಉಡಾಫೆಯೂ ಅಲ್ಲ. ಇಬ್ಬರೂ ತಮ್ಮ ಮನೆಯ ಲೆಕ್ಕ ಹಾಕುತ್ತಿದ್ದರು. ಮನೆ ಬೇರೆ, ಲೆಕ್ಕವೂ ಬೇರೆ.

ಪೋಷಕರಲ್ಲಿ ಒಮ್ಮತವಿಲ್ಲ ಎಂದು ದೂರುವವರು ತಜ್ಞರಲ್ಲಿ ಎಷ್ಟಿತ್ತು ಎಂದೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2020ರ ಆಗಸ್ಟ್‌ನಲ್ಲಿ ಕೊಟ್ಟ ಸಲಹೆ ಹೀಗಿತ್ತು: ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಕಡ್ಡಾಯ ಮಾಡಬಾರದು, ಆರರಿಂದ ಹನ್ನೊಂದರವರಿಗೆ ಆ ಊರಿನ ಸೋಂಕಿನ ಪ್ರಮಾಣ, ಮಗುವಿನ ಸಾಮರ್ಥ್ಯ, ದೊಡ್ಡವರ ಮೇಲ್ವಿಚಾರಣೆ ಎಲ್ಲವನ್ನೂ ನೋಡಿ ತೀರ್ಮಾನಿಸಬೇಕು, ಹನ್ನೆರಡು ದಾಟಿದವರಿಗೆ ದೊಡ್ಡವರಂತೆಯೇ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2021ರ ಜೂನ್‌ನಲ್ಲಿ, ಮತ್ತೆ 2022ರ ಜನವರಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎರಡು ವರ್ಷ ತುಂಬಿದವರಿಗೆಲ್ಲ ಮಾಸ್ಕ್ ಎಂದಿತು. ಇಂಗ್ಲೆಂಡ್‌ನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಮಾಸ್ಕ್ ಶಿಫಾರಸು ಆಗಲೇ ಇಲ್ಲ. ಅಂದರೆ ಒಂದೇ ವೈರಸ್, ಒಂದೇ ವಯಸ್ಸಿನ ಮಗು. ಬಾಸ್ಟನ್‌ನಲ್ಲಿ ಒಂದು ನಿಯಮ, ಲಂಡನ್ನಿನಲ್ಲಿ ಇನ್ನೊಂದು. ನಮ್ಮಲ್ಲಿ ಆಗ ಐದು ವರ್ಷ ಐದು ತಿಂಗಳು ತುಂಬಿದರೆ ಒಂದನೇ ತರಗತಿಗೆ ಸೇರಬಹುದಿತ್ತು. ಹಾಗಾಗಿ ಒಂದನೇ ತರಗತಿಯ ಒಂದೇ ಕೋಣೆಯಲ್ಲಿ ಮಾಸ್ಕ್ ಬೇಡವೆಂದು ಕೇಂದ್ರದ ಮಾರ್ಗಸೂಚಿ ಹೇಳಿದ ವಯಸ್ಸಿನವರೂ ಮೇಲ್ವಿಚಾರಣೆಯಲ್ಲಿ ಹಾಕಬಹುದು ಎಂದ ವಯಸ್ಸಿನವರೂ ಪಕ್ಕಪಕ್ಕ ಕೂತಿರುತ್ತಿದ್ದರು. ಪ್ರಪಂಚದ ದೊಡ್ಡ ದೊಡ್ಡ ಆರೋಗ್ಯ ಸಂಸ್ಥೆಗಳೇ ಇಷ್ಟು ದೂರ ದೂರ ನಿಂತಿದ್ದಾಗ, ಅಮ್ಮಂದಿರಲ್ಲಿ ಭಿನ್ನಾಭಿಪ್ರಾಯ ಇದ್ದರೆ ಅದನ್ನು ಅಜ್ಞಾನ ಎನ್ನಲಾಗದು.

ಈ ಮೇಲ್ವಿಚಾರಣೆ ಎಂಬುದು ಕಾಗದದ ಮೇಲೆ ಸುಲಭ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯನ್ನು ನೋಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ, ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡುಗಳನ್ನು ಎತ್ತಿಕೊಂಡು, ಒಬ್ಬರಿಗೊಬ್ಬರು ಓದಿ ತೋರಿಸುತ್ತಾ ಕಲಿಯುವ ಪದ್ಧತಿ ಅದು. ಹತ್ತಿರ ಬರುವುದೇ ಅದರ ಜೀವ. ಅಲ್ಲಿ ಬೆಳಿಗ್ಗೆ ಮನೆಯಲ್ಲಿ ಅಮ್ಮ ಕಟ್ಟಿ ಕಳಿಸಿದ ಬಟ್ಟೆಯ ಮಾಸ್ಕು ಮೊದಲ ಗಂಟೆ ಮುಗಿಯುವಷ್ಟರಲ್ಲಿ ಎಂಜಲಿಗೆ ಒದ್ದೆಯಾಗಿರುತ್ತದೆ. ಕಿವಿಯ ಎಲಾಸ್ಟಿಕ್ ಸಡಿಲವಾಗಿ ಮೂಗಿನಿಂದ ಕೆಳಗೆ ಜಾರಿರುತ್ತದೆ. ಮಗು ಅದನ್ನು ಎಳೆಯುತ್ತದೆ, ಚೀಪುತ್ತದೆ, ಸೀನು ಬಂದರೆ ಕೆಳಗಿಳಿಸಿ ಸೀನುತ್ತದೆ. ಗೆಳತಿಯ ಮಾಸ್ಕಿನಲ್ಲಿ ಚಿಟ್ಟೆಯ ಚಿತ್ರ ಇದ್ದರೆ ಬದಲಾಯಿಸಿಕೊಳ್ಳುವುದೂ ಉಂಟು. ಬಿಸಿಯೂಟದ ಹೊತ್ತಿಗೆ ಎಲ್ಲರೂ ಮಾಸ್ಕನ್ನು ಜೇಬಿಗೆ ಹಾಕಿಕೊಂಡು, ಪಡಸಾಲೆಯಲ್ಲಿ ಸಾಲಾಗಿ ಕೂತು ಮಾತಾಡುತ್ತಾ ಉಣ್ಣುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರವೇ ಒಬ್ಬ ಶಿಕ್ಷಕಿಗೆ ಮೂವತ್ತು ಮಕ್ಕಳು. ಆ ಮೂವತ್ತು ಮೂಗುಗಳನ್ನು ಕಾಯುತ್ತಾ ಆಕೆ ಪಾಠ ಮಾಡುವುದು ಯಾವಾಗ? ಒದ್ದೆಯಾದ ಮಾಸ್ಕ್ ಬದಲಿಸಬೇಕು ಎನ್ನುತ್ತಾರೆ ವೈದ್ಯರು. ದಿನಕ್ಕೆ ಎರಡು, ತೊಳೆದು ಒಣಗಿಸಲು ಇನ್ನೆರಡು ಎಂದರೆ ಮೂರು ಮಕ್ಕಳಿರುವ ಕೂಲಿಕಾರರ ಮನೆಗೆ ಹನ್ನೆರಡು ಮಾಸ್ಕು ಬೇಕು. ಇದೆಲ್ಲ ಯಾವ ಪ್ರಯೋಗಾಲಯದ ವರದಿಯಲ್ಲೂ ಸಿಗುವುದಿಲ್ಲ. ಬಟ್ಟೆ ಒಗೆಯುವ ತಾಯಿಗೆ ಗೊತ್ತಿರುತ್ತದೆ.

ಹಾಗಾದರೆ ಅಧ್ಯಯನಗಳು ಏನು ಹೇಳುತ್ತವೆ? ಮಾಸ್ಕ್ ಎಂಬ ವಸ್ತು ನಿರುಪಯೋಗಿ ಎಂದು ಅವು ಹೇಳುವುದಿಲ್ಲ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು ನಡೆದ ದೊಡ್ಡ ಪ್ರಯೋಗದಲ್ಲಿ, ಸರ್ಜಿಕಲ್ ಮಾಸ್ಕ್ ಹಂಚಿ ಪ್ರೋತ್ಸಾಹಿಸಿದ ಹಳ್ಳಿಗಳಲ್ಲಿ ಲಕ್ಷಣಸಹಿತ ಸೋಂಕು ಸುಮಾರು ಶೇ 11ರಷ್ಟು ಕಡಿಮೆಯಾಯಿತು. ಅರವತ್ತು ದಾಟಿದವರಲ್ಲಿ ಇಳಿಕೆ ಶೇ 35ರಷ್ಟಿತ್ತು. ಬಟ್ಟೆಯ ಮಾಸ್ಕಿನ ವಿಷಯದಲ್ಲಿ ಫಲ ಅಷ್ಟು ಖಚಿತವಾಗಿರಲಿಲ್ಲ. ಗಮನಿಸಬೇಕಾದ್ದು, ಅದು ವಯಸ್ಕರ ಮೇಲಿನ ಅಧ್ಯಯನ. ಮಕ್ಕಳ ವಿಷಯಕ್ಕೆ ಬಂದರೆ ಚಿತ್ರ ಮಸುಕಾಗುತ್ತದೆ. ಸ್ಪೇನ್‌ನ ಕತಲೂನ್ಯಾ ಪ್ರಾಂತ್ಯದಲ್ಲಿ ಆರು ವರ್ಷದಿಂದ ಮೇಲಿನವರಿಗೆ ಮಾಸ್ಕ್ ಕಡ್ಡಾಯವಾಗಿತ್ತು, ಐದರವರಿಗೆ ಇರಲಿಲ್ಲ. 2021ರ ಕೊನೆಯ ನಾಲ್ಕು ತಿಂಗಳಲ್ಲಿ ಸುಮಾರು ಆರು ಲಕ್ಷ ಮಕ್ಕಳ ಮಾಹಿತಿಯನ್ನು ಸಂಶೋಧಕರು ನೋಡಿದರು. ಮಾಸ್ಕ್ ಇಲ್ಲದ ಐದರ ಮಕ್ಕಳಿಗೂ ಮಾಸ್ಕ್ ಹಾಕಿದ ಆರರ ಮಕ್ಕಳಿಗೂ ನಡುವೆ ಸೋಂಕು ಹರಡುವುದರಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ವಯಸ್ಸು ಏರಿದಂತೆ ಹರಡುವಿಕೆ ಏರುತ್ತದೆ ಎಂಬುದಷ್ಟೇ ಸ್ಪಷ್ಟವಾಯಿತು. ಇದಕ್ಕೆ ಎದುರಾಗಿ, ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಶಾಲಾ ಜಿಲ್ಲೆಗಳ ಅಧ್ಯಯನ ಇದೆ. ಮಾಸ್ಕ್ ನಿಯಮ ತೆಗೆದ ಕಡೆ ಹದಿನೈದು ವಾರಗಳಲ್ಲಿ ಪ್ರತಿ ಸಾವಿರ ವಿದ್ಯಾರ್ಥಿ ಮತ್ತು ಸಿಬ್ಬಂದಿಗೆ ಸುಮಾರು 45 ಪ್ರಕರಣ ಹೆಚ್ಚು ಬಂದವು ಎಂದು ಅದು ಲೆಕ್ಕ ಹಾಕಿತು. ಅದು ಗಂಭೀರ ಅಧ್ಯಯನ, ತಳ್ಳಿಹಾಕುವಂಥದ್ದಲ್ಲ. ಆದರೆ ಅದರಲ್ಲಿ ಎಲ್ಲ ತರಗತಿಗಳೂ ಸೇರಿವೆ. ಹದಿನಾರರ ಹುಡುಗರೂ ಆರರ ಮಕ್ಕಳೂ ಒಂದೇ ರಾಶಿಯಲ್ಲಿದ್ದಾರೆ. ನಿಯಮ ಉಳಿಸಿಕೊಂಡ ಶಾಲೆಗಳೂ ತೆಗೆದ ಶಾಲೆಗಳೂ ಬೇರೆ ವಿಷಯಗಳಲ್ಲೂ ಒಂದೇ ರೀತಿ ಇರಲಿಲ್ಲ. ಇಷ್ಟೂ ಒಟ್ಟು ಮಾಡಿದರೆ ಸಿಗುವ ತೀರ್ಪು ಇದು: ದೊಡ್ಡವರಿಗೆ, ಅದರಲ್ಲೂ ವೃದ್ಧರಿಗೆ, ಒಳ್ಳೆಯ ಮಾಸ್ಕಿನಿಂದ ಪ್ರಯೋಜನವಿದೆ, ಒಂದನೇ ಎರಡನೇ ತರಗತಿಯ ಮಗು ದಿನವಿಡೀ ಹಾಕುವ ಬಟ್ಟೆಯ ಮಾಸ್ಕಿನಿಂದ ಆಗುವ ಲಾಭ ಇದ್ದರೂ ಬಹಳ ಸಣ್ಣದು.

ಲಾಭ ಸಣ್ಣದಾದಾಗ ನಷ್ಟದ ಲೆಕ್ಕ ಮುಖ್ಯವಾಗುತ್ತದೆ. ಮಾಸ್ಕಿನಿಂದ ಮಕ್ಕಳ ಉಸಿರು ಕಟ್ಟುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ ಎಂಬಂಥ ವಾಟ್ಸ್‌ಆ್ಯಪ್ ಮಾತುಗಳಿಗೆ ಆಧಾರವಿಲ್ಲ. ಅವನ್ನು ಇಲ್ಲಿಗೆ ಬಿಡೋಣ. ನಿಜವಾದ ನಷ್ಟ ಕಲಿಕೆಯದು. ಕನ್ನಡದ ಅಕ್ಷರ ಕಲಿಯುವ ಮಗುವಿಗೆ ಟೀಚರ ಬಾಯಿಯೇ ಮೊದಲ ಪುಸ್ತಕ. ಲ ಮತ್ತು ಳ, ನ ಮತ್ತು ಣ ಹೇಳುವಾಗ ನಾಲಿಗೆ ಎಲ್ಲಿ ಮಡಚುತ್ತದೆ, ಪ ಮತ್ತು ಫ ನಡುವೆ ತುಟಿಯಿಂದ ಎಷ್ಟು ಗಾಳಿ ಹೊರಡುತ್ತದೆ ಎಂಬುದನ್ನು ಮಗು ಕಿವಿಯಿಂದ ಕೇಳುವಷ್ಟೇ ಕಣ್ಣಿನಿಂದಲೂ ನೋಡಿ ಕಲಿಯುತ್ತದೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಆಡಿ ಬೆಳೆದು ಶಾಲೆಯಲ್ಲೇ ಮೊದಲ ಬಾರಿಗೆ ಕನ್ನಡ ಕೇಳುವ ಮಗುವಿಗಂತೂ ಅದು ಇನ್ನಷ್ಟು ಬೇಕು. ಕಿವಿ ಮಂದವಾಗಿರುವ ಮಗು ತುಟಿಚಲನೆಯನ್ನೇ ನಂಬಿಕೊಂಡಿರುತ್ತದೆ. ಟೀಚರ ಮಾಸ್ಕ್ ಅದಕ್ಕೆ ಗೋಡೆ. ಮಾಸ್ಕ್ ಹಾಕಿದ ಮುಖದ ಭಾವವನ್ನು ಶಾಲಾ ವಯಸ್ಸಿನ ಮಕ್ಕಳು ಒಂದು ಮಟ್ಟಿಗೆ ಗುರುತಿಸಬಲ್ಲರು ಎಂದು ಅಧ್ಯಯನಗಳು ತೋರಿಸಿವೆ, ನಿಜ. ತೀರಾ ಚಿಕ್ಕವರಿಗೆ ಅದು ಕಷ್ಟ ಎಂದೂ ತೋರಿಸಿವೆ. ಹತ್ತೊಂಬತ್ತು ತಿಂಗಳು ಶಾಲೆಯೇ ಇಲ್ಲದೆ ಬಂದ ಮಕ್ಕಳಿಗೆ ಈ ಸಣ್ಣ ಕಷ್ಟ ಸಣ್ಣದಾಗಿರಲಿಲ್ಲ. ಅಜೀಂ ಪ್ರೇಮ್‌ಜಿ ಸಂಸ್ಥೆ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಹದಿನಾರು ಸಾವಿರ ಸರ್ಕಾರಿ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 2021ರ ಫೆಬ್ರುವರಿಯಲ್ಲಿ ಹೇಳಿದ್ದೇನು? ಶೇ 92ರಷ್ಟು ಮಕ್ಕಳು ಹಿಂದೆ ಗೊತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಕಳೆದುಕೊಂಡಿದ್ದರು.

ಪೋಷಕರನ್ನು ಕೇಳಿದ ಅಪರೂಪದ ಸಮೀಕ್ಷೆಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅದೇ ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2020ರ ಕೊನೆಯಲ್ಲಿ ಕೇಳಿದಾಗ ಸರ್ಕಾರಿ ಶಾಲೆಯ ಪೋಷಕರಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ಮಂದಿ, ಆರೋಗ್ಯದ ಎಚ್ಚರಿಕೆ ವಹಿಸುವುದಾದರೆ ಮಕ್ಕಳನ್ನು ಕಳಿಸಲು ಸಿದ್ಧ ಎಂದಿದ್ದರು. ಅರ್ಥಶಾಸ್ತ್ರಜ್ಞರಾದ ಜ್ಯಾ ದ್ರೇಜ್ ಮತ್ತು ರೀತಿಕಾ ಖೇರಾ ಮುಂತಾದವರ ತಂಡ 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಬಡಾವಣೆ, ಹಳ್ಳಿಗಳಲ್ಲಿ ಸುಮಾರು 1,400 ಮನೆಗಳಿಗೆ ಹೋಗಿ ವಿಚಾರಿಸಿತು. ಹಳ್ಳಿಯ ಪೋಷಕರಲ್ಲಿ ಶೇ 97ರಷ್ಟು ಜನ ಶಾಲೆ ಬೇಗ ತೆರೆಯಲಿ ಎಂದರು; ಆ ಹಳ್ಳಿಗಳಲ್ಲಿ ಆನ್‌ಲೈನಿನಲ್ಲಿ ನಿಯಮಿತವಾಗಿ ಓದುತ್ತಿದ್ದ ಮಕ್ಕಳು ಶೇ 8 ಮಾತ್ರ. ಈ ಉತ್ತರಗಳಲ್ಲಿ ಎರಡು ಸಂಗತಿ ಇವೆ. ಎಚ್ಚರಿಕೆ ಬೇಕು ಎಂದು ಅವರು ಹೇಳಿದರು, ಅಂದರೆ ರೋಗದ ಅಪಾಯವನ್ನು ಅಲ್ಲಗಳೆಯಲಿಲ್ಲ. ಜೊತೆಗೆ, ಶಾಲೆ ಇಲ್ಲದಿರುವುದೂ ಒಂದು ಅಪಾಯ ಎಂದು ಸಮಿತಿಗಳಿಗಿಂತ ಮೊದಲೇ ಕಂಡುಕೊಂಡಿದ್ದರು. ಇದೇ ಹೆತ್ತವರನ್ನು ಮಾಸ್ಕಿನ ಬಗ್ಗೆಯೂ ಕೂರಿಸಿ ಕೇಳಿದ್ದರೆ ಒಳ್ಳೆಯ ಉತ್ತರವೇ ಸಿಗುತ್ತಿತ್ತು. ಬಾಗಿಲಲ್ಲಿ ಕಡ್ಡಾಯ ಮಾಡುವುದಾದರೆ ಮಾಸ್ಕನ್ನು ನೀವೇ ಕೊಡಿ ಎನ್ನುತ್ತಿದ್ದರು. ಮಳೆಯಲ್ಲಿ ಒಣಗುವುದಿಲ್ಲ ಎನ್ನುತ್ತಿದ್ದರು. ಹೊರಗೆ ಮರದ ಕೆಳಗೆ ಕೂರಿಸಿದರೆ ಆಗದೇ ಎಂದು ಕೇಳುತ್ತಿದ್ದರು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಬೆಲೆಬಾಳುವಂಥದ್ದು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ನಮ್ಮ ಶಿಕ್ಷಕರು ಗುಡಿಯ ಅಂಗಳ, ಮರದ ನೆರಳು, ಜಗಲಿಗಳಲ್ಲಿ ಪಾಠ ಮಾಡಿದ್ದರು. ಶಿಕ್ಷಕರಿಗೆ ಸೋಂಕು ತಗುಲಿದ ಆತಂಕದಲ್ಲಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಆಗ ಲಸಿಕೆ ಇರಲಿಲ್ಲ. ಒಂದು ವರ್ಷದ ಬಳಿಕ ಬಹುಪಾಲು ಶಿಕ್ಷಕರಿಗೆ ಎರಡೂ ಡೋಸ್ ಆಗಿತ್ತು. ಸೋಂಕು ಗಾಳಿಯಿಂದ ಹರಡುತ್ತದೆ ಎಂಬುದೂ ಖಚಿತವಾಗಿತ್ತು. ಕಿಟಕಿ, ಅಂಗಳ, ಪಡಸಾಲೆಗಳ ಮಾತು ಮಾಸ್ಕಿನಷ್ಟೇ ಜೋರಾಗಿ ಕೇಳಬೇಕಿತ್ತು. ಕೇಳಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಬಲವಾದದ್ದೂ ಅದೇ: ಮಾಸ್ಕ್ ಮಗುವಿಗಾಗಿ ಅಲ್ಲ, ಮನೆಯ ಅಜ್ಜ-ಅಜ್ಜಿಗಾಗಿ. ನಮ್ಮ ಕೂಡುಕುಟುಂಬಗಳಲ್ಲಿ ಮೊಮ್ಮಕ್ಕಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಾರೆ. ಯುರೋಪಿನ ಲೆಕ್ಕ ಇಲ್ಲಿ ನಡೆಯದು ಎನ್ನುತ್ತಾರೆ. ಈ ಕಾಳಜಿ ಸಾಚಾ. ಆದರೆ 2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೇ ರಾಷ್ಟ್ರೀಯ ಸೀರೋ ಸಮೀಕ್ಷೆಯ ಪ್ರಕಾರ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಜನರ ರಕ್ತದಲ್ಲಿ ಆಗಲೇ ಪ್ರತಿಕಾಯ ಇತ್ತು. ಆ ವಯಸ್ಸಿನವರ ಶಾಲೆಗಳು ದೇಶದ ಬಹುಪಾಲು ಕಡೆ ಮುಚ್ಚಿದ್ದವು, ಅವರಿಗೆ ಲಸಿಕೆಯೂ ಇರಲಿಲ್ಲ. ಸೋಂಕು ಬಂದದ್ದು ಶಾಲೆಯಿಂದಲ್ಲ; ಸಂತೆಗೆ, ಕೆಲಸಕ್ಕೆ, ಮದುವೆಗೆ ಹೋಗಿಬಂದ ದೊಡ್ಡವರಿಂದ ಎಂದೇ ಹೇಳಬೇಕಾಗುತ್ತದೆ. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕ ಎಂದು ಐಸಿಎಂಆರ್ ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ ಆ ಜುಲೈನಲ್ಲೇ ಹೇಳಿದ್ದರು. ಅಜ್ಜಿಯನ್ನು ಉಳಿಸಲು ಅಜ್ಜಿಗೆ ಲಸಿಕೆ ಹಾಕಿಸುವುದು, ಅವರಿಗೇ ಒಳ್ಳೆಯ ಮಾಸ್ಕ್ ಕೊಡುವುದು, ಮಗುವಿಗೆ ಕೆಮ್ಮು-ಜ್ವರ ಇದ್ದ ದಿನ ಶಾಲೆಗೆ ಕಳಿಸದಿರುವುದು ಹೆಚ್ಚು ಫಲ ಕೊಡುವ ದಾರಿ. ಇಷ್ಟಾದರೂ ನಮ್ಮ ಮನೆಯಲ್ಲಿ ಡಯಾಲಿಸಿಸ್ ಆಗುವವರಿದ್ದಾರೆ, ನಮ್ಮ ಮಗು ಮಾಸ್ಕ್ ಹಾಕಿಕೊಂಡೇ ಬರುತ್ತದೆ ಎನ್ನುವ ಕುಟುಂಬಕ್ಕೆ ಶಾಲೆ ಒಳ್ಳೆಯ ಮಾಸ್ಕ್ ಕೊಡಬೇಕು, ಆ ಮಗುವನ್ನು ಕಿಟಕಿಯ ಬಳಿ ಕೂರಿಸಬೇಕು. ಇಂಥ ಮನೆ ಯಾವುದು ಎಂದು ತಿಳಿಯುವುದೂ ಕೇಳಿದಾಗಲೇ.

ಇನ್ನೊಂದು ಆಕ್ಷೇಪ ಇದೆ. ರೋಗ ನಿಯಂತ್ರಣ ಕೈ ಎತ್ತಿ ಮತ ಹಾಕುವ ವಿಷಯವಲ್ಲ. ಪೋಷಕರನ್ನು ಕೇಳಲು ಹೊರಟರೆ ಅಮೆರಿಕದ ಗತಿಯೇ ಆದೀತು ಎನ್ನುತ್ತಾರೆ. ಅಲ್ಲಿ 2021ರ ಆಗಸ್ಟ್‌ನಲ್ಲಿ ಕೈಸರ್ ಪ್ರತಿಷ್ಠಾನದ ಸಮೀಕ್ಷೆಯಲ್ಲಿ ಶೇ 63ರಷ್ಟು ಪೋಷಕರು ಲಸಿಕೆ ಆಗದ ವಿದ್ಯಾರ್ಥಿ, ಸಿಬ್ಬಂದಿಗೆ ಶಾಲೆಯಲ್ಲಿ ಮಾಸ್ಕ್ ಕಡ್ಡಾಯವಾಗಲಿ ಎಂದಿದ್ದರು. ಆದರೆ ಪಕ್ಷದ ಪ್ರಕಾರ ಬಿಡಿಸಿದರೆ ಡೆಮಾಕ್ರಟಿಕ್ ಒಲವಿನವರಲ್ಲಿ ಬಹುಪಾಲು ಪರ, ರಿಪಬ್ಲಿಕನ್ ಒಲವಿನವರಲ್ಲಿ ಬಹುಪಾಲು ವಿರೋಧ. ಟೆಕ್ಸಾಸ್, ಫ್ಲಾರಿಡಾ ರಾಜ್ಯಪಾಲರು ಕಡ್ಡಾಯ ಮಾಡುವುದನ್ನೇ ನಿಷೇಧಿಸಿದರು, ಕ್ಯಾಲಿಫೋರ್ನಿಯಾ ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತು. ಮಗುವಿನ ಮೂಗು ಪಕ್ಷದ ಬಾವುಟವಾಯಿತು. ನಿಜ, ಅದು ನಾವು ಹಿಡಿಯಬಾರದ ದಾರಿ. ಆದರೆ ಅಲ್ಲಿ ಆದದ್ದು ಕೇಳಿದ್ದರ ಫಲ ಎನ್ನುವುದು ಸರಿಯಲ್ಲ. ಎರಡೂ ಕಡೆ ಮೇಲಿನವರು ಒಂದು ಖಚಿತ ಸತ್ಯವನ್ನು ಸಾರಿದರು. ನಮಗೆ ಪೂರ್ತಿ ಗೊತ್ತಿಲ್ಲ, ಲಾಭ ಇಷ್ಟು ಇರಬಹುದು, ನಷ್ಟ ಇಷ್ಟು ಇರಬಹುದು ಎಂದು ಪೋಷಕರ ಮುಂದೆ ಬಿಚ್ಚಿಡಲಿಲ್ಲ. ನಾನು ಕೇಳಿ ಎನ್ನುವುದು ವೈರಸ್ ಇದೆಯೇ ಇಲ್ಲವೇ ಎಂದಲ್ಲ. ಮಾಸ್ಕ್ ಸೋಂಕು ತಡೆಯುವುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ, ಅದನ್ನು ಅವರೇ ಬಗೆಹರಿಸಲಿ. ಅಷ್ಟು ಸಣ್ಣ ಲಾಭಕ್ಕೆ ಇಷ್ಟು ಕಲಿಕೆಯನ್ನು ಬಿಡಬಹುದೇ ಎಂಬುದು ಮೌಲ್ಯದ ಪ್ರಶ್ನೆ. ಅದಕ್ಕೆ ಮಗುವಿನ ಹೆತ್ತವರಿಗಿಂತ ದೊಡ್ಡ ತಜ್ಞರಿಲ್ಲ.

ಎಲ್ಲರಿಗೂ ಒಂದೇ ನಿಯಮ ಇದ್ದರೆ ಜಾರಿ ಸುಲಭ ಎನ್ನುವ ಅಧಿಕಾರಿಗಳ ಮಾತಿಗೂ ಉತ್ತರ ಕೊಡಬೇಕು. ಸುಲಭ ಯಾರಿಗೆ? ಸುತ್ತೋಲೆ ಬರೆಯುವವರಿಗೆ ಸುಲಭ. ಪಾಲಿಸಲಾಗದ ನಿಯಮವನ್ನು ಮೂವತ್ತು ಮಕ್ಕಳ ಮೇಲೆ ಹೇರಬೇಕಾದ ಶಿಕ್ಷಕಿಗೆ, ಮೂಗಿನ ಕೆಳಗಿನ ಮಾಸ್ಕಿಗಾಗಿ ದಿನಕ್ಕೆ ಹತ್ತು ಬಾರಿ ಗದರಿಸಿಕೊಳ್ಳುವ ಮಗುವಿಗೆ ಸುಲಭವಲ್ಲ. ಮಾಸ್ಕ್ ತಂದಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವ ಅಧಿಕಾರವನ್ನಂತೂ ಯಾವ ನಿಯಮವೂ ಕೊಡಕೂಡದು. ಮಾಸ್ಕ್ ಇಲ್ಲದ ಮಗು ಬಹಳ ಸಲ ಪುಸ್ತಕವೂ ಇಲ್ಲದ, ಬೆಳಗಿನ ತಿಂಡಿಯೂ ಇಲ್ಲದ ಮಗುವೇ ಆಗಿರುತ್ತದೆ.

ಕೇಳುವುದಕ್ಕೆ ಹೊಸ ವ್ಯವಸ್ಥೆ ಕಟ್ಟಬೇಕಾಗಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಕಟ್ಟಡದ ರಿಪೇರಿಗೆ, ಬಿಸಿಯೂಟದ ಲೆಕ್ಕಕ್ಕೆ, ಸ್ವಾತಂತ್ರ್ಯ ದಿನದ ಸಿಹಿಗೆ ಸಭೆ ಸೇರುವ ಈ ಸಮಿತಿಯ ಮುಂದೆ ಮಾಸ್ಕ್ ನಿಯಮವನ್ನೂ ಇಡಬಹುದಿತ್ತು. ರಾಜ್ಯದ ತಜ್ಞರ ಸಮಿತಿ ಕನಿಷ್ಠ ಮಿತಿಗಳನ್ನು ಹೇಳಲಿ: ಆರರ ಒಳಗಿನವರಿಗೆ ಕಡ್ಡಾಯವಿಲ್ಲ, ಶಿಕ್ಷಕರಿಗೆ ಲಸಿಕೆ ಆಗಿರಬೇಕು, ಜ್ವರ ಇದ್ದವರು ಬರಬಾರದು, ಕಿಟಕಿ ಮುಚ್ಚಬಾರದು. ಆರರಿಂದ ಹನ್ನೊಂದರವರ ವಿಷಯದಲ್ಲಿ, ಊರಿನಲ್ಲಿ ಸೋಂಕು ಎಷ್ಟಿದೆ ಎಂಬ ಲೆಕ್ಕವನ್ನು ಆರೋಗ್ಯ ಕೇಂದ್ರದವರು ಸಭೆಯ ಮುಂದಿಟ್ಟ ಮೇಲೆ, ಆ ಶಾಲೆಯ ಹೆತ್ತವರು ಮತ್ತು ಶಿಕ್ಷಕರು ಕೂತು ತೀರ್ಮಾನಿಸಲಿ, ತಿಂಗಳಿಗೊಮ್ಮೆ ಮರುಪರಿಶೀಲಿಸಲಿ. ತಾವೇ ಕೂತು ಮಾಡಿದ ನಿಯಮವನ್ನು ಜನ ಪಾಲಿಸುತ್ತಾರೆ.

ಹನ್ನೆರಡರ ಒಳಗಿನ ನಮ್ಮ ಮಕ್ಕಳಿಗೆ ಕೊರೊನಾ ಲಸಿಕೆ ಅಭಿಯಾನ ಕೊನೆಗೂ ಬರಲಿಲ್ಲ. ಮಾಸ್ಕ್ ನಿಯಮ 2022ರಲ್ಲಿ ಸಡಿಲಗೊಂಡು ಮರೆತೇ ಹೋಯಿತು. ಆ ನಿಯಮ ಪುಟ್ಟ ಮಕ್ಕಳಲ್ಲಿ ಏನು ಸಾಧಿಸಿತು, ಏನನ್ನು ಕಸಿಯಿತು ಎಂದು ಈಗಲಾದರೂ ಶಾಲೆ ಶಾಲೆಯಲ್ಲಿ ಕೇಳಿ ದಾಖಲಿಸಬೇಕು. ನಿಮ್ಮ ಮಗು ಓದುವ ಶಾಲೆಯಲ್ಲಿ ಎಸ್‌ಡಿಎಂಸಿ ಇದ್ದರೆ ಮುಂದಿನ ಸಭೆಗೆ ಹೋಗಿ. ಮತ್ತೊಮ್ಮೆ ಇಂಥ ರೋಗ ಬಂದರೆ ಒಂದನೇ ತರಗತಿಯ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ, ಕಿಟಕಿಗಳು ತೆರೆಯುತ್ತವೆಯೇ, ಮಾಸ್ಕ್ ಬೇಕೆಂದರೆ ಯಾರು ಕೊಡುತ್ತಾರೆ, ತೀರ್ಮಾನ ಯಾರು ಮಾಡುತ್ತಾರೆ ಎಂದು ಕೇಳಿ. ಸಿಕ್ಕ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.